ಮಂಡ್ಯ ಸೀಮೆಗೊಂದು ವ್ಯಸನಮುಕ್ತಿ ಕೇಂದ್ರ: ಗೋಡೆಯಾಚೆಯ ಕೆಲಸ

ಕಾರ್ತೀಕ ಮಾಸ ಹುಟ್ಟಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಹಳ್ಳಿಗಳಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡವರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಸಂಜೆಯಾದರೆ ವೈನ್ ಸ್ಟೋರಿನ ಹಾದಿ ಹಿಡಿಯುತ್ತಿದ್ದವರೂ ಆ ಗುಂಪಿನಲ್ಲಿರುತ್ತಾರೆ. ಮಂಡಲ ವ್ರತದ 41 ದಿನ ಅವರು ಮದ್ಯ ಮುಟ್ಟುವುದಿಲ್ಲ, ಬೆಳಗಿನ ತಣ್ಣೀರು ಸ್ನಾನ ತಪ್ಪಿಸುವುದಿಲ್ಲ, ಮನೆಯಲ್ಲಿ ದನಿ ಎತ್ತುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ ಅವರಲ್ಲಿ ಹಲವರು ಹಳೆಯ ಜಾಗಕ್ಕೇ ಮರಳುತ್ತಾರೆ. ‘ಬುದ್ಧಿ ಬರಲಿಲ್ಲ ನೋಡಿ’ ಎಂದು ಊರು ಅಷ್ಟಕ್ಕೇ ಮಾತು ಮುಗಿಸುತ್ತದೆ. ಆದರೆ ಮುಖ್ಯವಾದ ಸಂಗತಿ ಆ 41 ದಿನಗಳಲ್ಲೇ ಇದೆ. ಅಷ್ಟು ದಿನ ಮಾಲೆ ಹಾಕಿದವನಿಗೆ ಹೊತ್ತುಹೊತ್ತಿಗೆ ಮಾಡಲು ಕೆಲಸವಿತ್ತು, ಜೊತೆಗೆ ವ್ರತ ಹಿಡಿದ ಸಂಗಡಿಗರಿದ್ದರು, ‘ಸ್ವಾಮಿ’ ಎಂದು ಕರೆಯುವ ಊರಿತ್ತು, ಕುಡಿಯಲು ಕರೆದವರಿಗೆ ಹೇಳಲು ಎಲ್ಲರೂ ಒಪ್ಪುವ ಕಾರಣವಿತ್ತು. ಮಾಲೆ ತೆಗೆದ ದಿನ ಇಷ್ಟೂ ಒಟ್ಟಿಗೆ ಕಳಚಿಹೋದವು. ಕುಡಿತ ನಿಲ್ಲಿಸುವ ಶಕ್ತಿ ಅವನಲ್ಲಿ ಇದ್ದೇ ಇತ್ತು. ನಿಲ್ಲಿಸಿದ್ದನ್ನು ಉಳಿಸಿಕೊಳ್ಳಲು ಬೇಕಾದ ಆಸರೆ ಉಳಿಯಲಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಸರ್ಕಾರವೇ ನಡೆಸುವ, ರೋಗಿ ಕೆಲವು ವಾರ ಉಳಿದು ಚಿಕಿತ್ಸೆ ಪಡೆಯುವ ವ್ಯಸನಮುಕ್ತಿ ಕೇಂದ್ರವೊಂದು ಬೇಕು ಎಂಬುದು ನನ್ನ ವಾದ. ಅದಕ್ಕೊಂದು ಷರತ್ತಿದೆ. ಆ ಕೇಂದ್ರದ ಹಣ ಮತ್ತು ಸಿಬ್ಬಂದಿಯಲ್ಲಿ ಅರ್ಧ ಪಾಲು ಕಟ್ಟಡದ ಹೊರಗೆ, ಬಿಡುಗಡೆಯಾಗಿ ಮನೆಗೆ ಹೋದವನ ಊರಿನಲ್ಲಿ ವಿನಿಯೋಗವಾಗಬೇಕು. ಆ ಷರತ್ತು ಬಿಟ್ಟು ಕಟ್ಟಿದರೆ ಇನ್ನೊಂದು ಉದ್ಘಾಟನೆಯ ಫಲಕ ಸಿಗುತ್ತದೆ, ಅಷ್ಟೆ.

ಅಗತ್ಯ ಎಷ್ಟಿದೆ ಎಂಬ ಲೆಕ್ಕದಿಂದ ಶುರುಮಾಡೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಸುಮಾರು 2.9 ಕೋಟಿ ಜನ, ಅಂದರೆ ಆ ವಯೋಮಾನದವರಲ್ಲಿ ಶೇ 2.7ರಷ್ಟು ಮಂದಿ, ಮದ್ಯವಿಲ್ಲದೆ ದಿನ ದೂಡಲಾಗದ ಅವಲಂಬನೆಯ ಸ್ಥಿತಿಯಲ್ಲಿದ್ದಾರೆ. ಅವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬರಿಗೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿತ್ತು: ಮದ್ಯದ ಕಾಯಿಲೆ ಇರುವವರಲ್ಲಿ ಶೇ 86ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯ ಹೊರಗಿದ್ದಾರೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ ದಾಟಿತ್ತು. ದೇಶದ ಸರಾಸರಿಯನ್ನೇ ಇಲ್ಲಿಗೆ ಹಚ್ಚಿ ನೋಡಿದರೆ ಅವಲಂಬನೆಯ ಹಂತ ತಲುಪಿದವರು ಜಿಲ್ಲೆಯಲ್ಲಿ ಹತ್ತಿರಹತ್ತಿರ 40 ಸಾವಿರ. 38ಕ್ಕೆ ಒಬ್ಬರ ಲೆಕ್ಕದಲ್ಲಿ ಚಿಕಿತ್ಸೆಯ ಮುಖ ಕಂಡವರು ಸಾವಿರದ ಆಸುಪಾಸು. ಇದು ಸರಾಸರಿಯಿಂದ ಕಟ್ಟಿದ ಅಂದಾಜು ಮಾತ್ರ. ಹಾಗಿದ್ದೂ, ಅಂದಾಜು ಅರ್ಧಕ್ಕೆ ಇಳಿದರೂ ತೀರ್ಮಾನ ಬದಲಾಗುವುದಿಲ್ಲ.

ಈ ಜಿಲ್ಲೆಗೂ ಮದ್ಯಕ್ಕೂ ಇರುವ ನಂಟು ಕುಡಿಯುವವರ ಮಟ್ಟದಲ್ಲಷ್ಟೇ ಇಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಶುರುವಾದಾಗಿನಿಂದ ಇಲ್ಲಿನ ಬದುಕು ಕಬ್ಬಿನ ಸುತ್ತ ತಿರುಗಿದೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೇ ಸ್ಪಿರಿಟ್ ತಯಾರಾಗುತ್ತದೆ. ಮೈಷುಗರ್ ಎಂದು ಜನ ಕರೆಯುವ ಆ ಕಂಪನಿಯ ಜೊತೆಗೇ ಡಿಸ್ಟಿಲರಿಯೂ ಬೆಳೆಯಿತು. ಕಾರ್ಖಾನೆಗೆ ಕಬ್ಬು ಸಾಗಿಸಿದ 14 ದಿನದೊಳಗೆ ರೈತನಿಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹಣ ತಿಂಗಳುಗಟ್ಟಲೆ ತಡವಾದ ವರ್ಷಗಳನ್ನು ಈ ಜಿಲ್ಲೆ ಬೇಕಾದಷ್ಟು ಕಂಡಿದೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ಕಲಕಿದಾಗ ‘ಸತ್ತವರು ಕುಡುಕರು’ ಎಂದು ಹಗುರವಾಗಿ ಆಡಿದವರಿದ್ದರು. ಆ ಮಾತು ಅನ್ಯಾಯದ್ದು. ಸಾಲ ಕುಡಿತಕ್ಕೆ ತಳ್ಳುತ್ತದೆ, ಕುಡಿತ ಸಾಲವನ್ನು ಬೆಳೆಸುತ್ತದೆ. ಎರಡರ ನಡುವೆ ಸಿಕ್ಕಿಕೊಂಡವನಿಗೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ತೋರಿಸಿದರೆ ಏನೂ ದಕ್ಕುವುದಿಲ್ಲ. ಹೊರಬರುವ ಬಾಗಿಲು ಎಲ್ಲಿದೆ ಎಂದು ಅವನಿಗೆ ತೋರಿಸಬೇಕು.

ಈಗ ಆ ಬಾಗಿಲು ಎಲ್ಲಿದೆ? ವರ್ಷಗಟ್ಟಲೆ ದಿನವೂ ಕುಡಿದವನು ಒಂದು ದಿನ ಆಣೆ ಇಟ್ಟು, ಇಲ್ಲವೇ ಕೈಯಲ್ಲಿ ಕಾಸಿಲ್ಲದೆ, ಇದ್ದಕ್ಕಿದ್ದಂತೆ ಬಿಡುತ್ತಾನೆ ಎನ್ನೋಣ. ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು-ಮೂರನೇ ದಿನದ ಹೊತ್ತಿಗೆ ತೀವ್ರ ಅವಲಂಬನೆ ಇರುವವರಲ್ಲಿ ಕೆಲವರಿಗೆ ಭ್ರಮೆ ಆವರಿಸುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ, ಹಗಲು ರಾತ್ರಿಯ ಪರಿವೆ ಇರುವುದಿಲ್ಲ, ಎದುರಿಗಿರುವ ಮಗಳ ಗುರುತು ಸಿಗುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಮಂತ್ರಿಸುವವರ ಬಳಿಗೆ ಕರೆದೊಯ್ಯುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಈ ಸ್ಥಿತಿಯಲ್ಲಿ ಸಾವೂ ಸಂಭವಿಸುತ್ತದೆ. ಇದನ್ನು ತಡೆಯುವ ಮಾತ್ರೆಗಳು ಹಳೆಯವು, ಅಗ್ಗದವು, ಯಾವ ಸರ್ಕಾರಿ ಔಷಧಾಲಯದಲ್ಲೂ ಇಡಬಹುದಾದಂಥವು. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಬೇಕು. ಸುಸ್ತಾಗಿ ಬಂದ ಕುಡುಕನಿಗೆ ಮೊದಲು ಗ್ಲೂಕೋಸ್ ಡ್ರಿಪ್ ಹಾಕುವುದು ನಮ್ಮಲ್ಲಿ ವಾಡಿಕೆ. ಊಟ ಬಿಟ್ಟು ಬರೀ ಮದ್ಯದ ಮೇಲೆ ಬದುಕಿದ ದೇಹಕ್ಕೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಮರಳಿ ಬಾರದ ಹಾನಿಯಾಗುವ ಅಪಾಯವಿದೆ. ಈ ತಿಳಿವಳಿಕೆ, ಆ ನಾಲ್ಕೈದು ದಿನ ರಾತ್ರಿಯೂ ಎಚ್ಚರವಿರುವ ಒಬ್ಬ ನರ್ಸ್, ಒಂದು ಹಾಸಿಗೆ ಸಿಕ್ಕರೆ ಬಹುತೇಕರು ಸುರಕ್ಷಿತವಾಗಿ ದಾಟುತ್ತಾರೆ.

ಇಷ್ಟನ್ನೂ ಹತ್ತಿರದಲ್ಲೇ ಒದಗಿಸದ ಕಾರಣ ಜನ ಬೇರೆ ದಾರಿ ಹುಡುಕಿಕೊಂಡಿದ್ದಾರೆ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಗೋಡೆಬರಹ ನಮ್ಮ ಬಸ್ ನಿಲ್ದಾಣಗಳಲ್ಲಿ ಹೊಸದಲ್ಲ. ಸಾರಿನಲ್ಲಿ ಬೆರೆಸಲು ಕೊಡುವ ಪುಡಿಯಲ್ಲಿ ಏನಿದೆ ಎಂಬುದು ಕೊಂಡವರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂಥ ಔಷಧಿಯನ್ನು ರೋಗಿಗೆ ತಿಳಿಸದೆ ಕೊಟ್ಟು, ಅವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇನ್ನೊಂದು ದಾರಿ ದೊಡ್ಡ ಊರುಗಳ ಖಾಸಗಿ ಪುನರ್ವಸತಿ ಕೇಂದ್ರಗಳದು. ಒಳ್ಳೆಯವು ಇವೆ. ಆದರೆ ತಿಂಗಳುಗಟ್ಟಲೆ ಕೂಡಿಹಾಕಿ, ಹೊಡೆದು, ಅದನ್ನೇ ಚಿಕಿತ್ಸೆ ಎನ್ನುವ ತಾಣಗಳ ಸುದ್ದಿ ದೇಶದ ನಾನಾ ಕಡೆಯಿಂದ ಬರುತ್ತಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅದರಂತೆ ಇಂಥ ಕೇಂದ್ರ ನೋಂದಣಿಯಾಗಿರಲೇಬೇಕು. ಸರಪಳಿ ಬಿಗಿಯುವುದು ಅಪರಾಧ. ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ ಬಿಗಿಯಾದ ಷರತ್ತುಗಳೂ ಮೊದಲ ಸಲಕ್ಕೆ 30 ದಿನಗಳ ಮಿತಿಯೂ ಇವೆ. ಹತ್ತಿರದಲ್ಲಿ ಸರ್ಕಾರದ್ದೇ ಬಾಗಿಲೊಂದು ತೆರೆದಿದ್ದರೆ ಕುಟುಂಬಗಳು ಕಾನೂನಿನ ಹೊರಗಿನ ಬಾಗಿಲು ತಟ್ಟುವ ಅಗತ್ಯವೇ ಇರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಇದೆಯಲ್ಲ ಎನ್ನಬಹುದು. ಅಲ್ಲಿನ ವ್ಯಸನ ಚಿಕಿತ್ಸಾ ವಿಭಾಗ 1991ರಿಂದ ಮಾಡುತ್ತ ಬಂದ ಕೆಲಸಕ್ಕೆ ಈ ನಾಡು ಋಣಿ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ದಶಪಥ ರಸ್ತೆಯಲ್ಲಿ ಅದೇನೂ ದೂರವಲ್ಲ. ಆದರೆ ಆ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು. ಹಲಗೂರಿನ ಆಚೆಯ ಹಳ್ಳಿಯ ಹೆಣ್ಣುಮಗಳೊಬ್ಬಳು ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಾದರೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವವರು ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ತಪ್ಪಿದ ಕೂಲಿಯ ಲೆಕ್ಕ ಬೇಕು. ಒಂದು ಸಲ ಇಷ್ಟೂ ಹೊಂದಿಸಿಕೊಳ್ಳಬಹುದು. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಮರಳಿ ಹೋಗಿ ತೋರಿಸಿಕೊಂಡು ಬರುವುದು ಆಗದ ಮಾತು. ವ್ಯಸನದ ಚಿಕಿತ್ಸೆ ನಿಂತಿರುವುದೇ ಆ ಮರಳಿ ಹೋಗುವುದರ ಮೇಲೆ. ಒಮ್ಮೆ ಬಿಟ್ಟವರಲ್ಲಿ ಮತ್ತೆ ಜಾರುವವರ ಪ್ರಮಾಣ ದೊಡ್ಡದು. 2000ದಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಮೆಕ್‌ಲೆಲನ್ ಮತ್ತು ಸಂಗಡಿಗರು ಬರೆದ ಪ್ರಸಿದ್ಧ ಲೇಖನ ಇದನ್ನು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಸ್ತಮಾಗಳ ಜೊತೆ ಇಟ್ಟು ನೋಡಿತು. ಅವುಗಳಲ್ಲೂ ಔಷಧಿ ತಪ್ಪಿಸುವವರು, ಕಾಯಿಲೆ ಮರುಕಳಿಸುವವರು ಅಷ್ಟೇ ಮಂದಿ. ಬಿಪಿ ಮಾತ್ರೆ ಬಿಟ್ಟು ಪಾರ್ಶ್ವವಾಯು ಬಡಿದವನನ್ನು ‘ಚಿಕಿತ್ಸೆ ಕೊಟ್ಟು ಏನು ಬಂತು’ ಎಂದು ಯಾರೂ ಜರೆಯುವುದಿಲ್ಲ. ಕುಡಿತಕ್ಕೆ ಮರಳಿದವನನ್ನು ಮಾತ್ರ ಜರೆಯುತ್ತೇವೆ.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಹಣದ್ದೂ ಅಲ್ಲ, ಜಾಗದ್ದೂ ಅಲ್ಲ. ಅದು ವೈದ್ಯಕೀಯ ಸಂಶೋಧನೆಯಿಂದಲೇ ಬಂದಿದೆ. ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮದ್ಯವ್ಯಸನಿಗಳಾಗಿದ್ದ ನೂರು ಮಂದಿ ವಿವಾಹಿತ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗ ಲಭ್ಯವಿದ್ದ ಪೂರ್ಣ ಚಿಕಿತ್ಸೆ, ಇನ್ನೊಂದಕ್ಕೆ ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಒಂದೇ ಸಲ ಕೊಟ್ಟ ಬುದ್ಧಿಮಾತು. ವರ್ಷದ ಕೊನೆಗೆ ಎರಡೂ ಗುಂಪಿನ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 1977ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಹಿಡಿದು, ವಾರಗಟ್ಟಲೆ ಒಳಗಿಟ್ಟುಕೊಳ್ಳುವ ದುಬಾರಿ ವ್ಯವಸ್ಥೆ ಯಾಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಎಲ್ಲ ಕುಡುಕರಿಗೂ ಹಾಸಿಗೆ ಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಗೋವಾದಲ್ಲಿ ಸಂಗಾತ್ ಸಂಸ್ಥೆ ನಡೆಸಿ, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೂ ಅದಕ್ಕೆ ಒತ್ತು ಕೊಡುತ್ತದೆ. ಅಲ್ಲಿ ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೂತು, ಹಾನಿಕರ ಮಟ್ಟದಲ್ಲಿ ಕುಡಿಯುತ್ತಿದ್ದ ಗಂಡಸರೊಡನೆ ಕೆಲವು ಸಲ ಮಾತಾಡಿದರು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಪಡೆಯದವರಲ್ಲಿ ಶೇ 26. ಅಂದಮೇಲೆ ಸಂಜೆ ಒಂದು ಕ್ವಾರ್ಟರ್‌ನಿಂದ ಎರಡಕ್ಕೆ ಏರುತ್ತಿರುವ ಇಪ್ಪತ್ತೆಂಟರ ಹುಡುಗನಿಗೆ ಕೇಂದ್ರ ಬೇಡ. ಅವನನ್ನು ಬೆಸಗರಹಳ್ಳಿಯಲ್ಲೋ ಕಿರುಗಾವಲಿನಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೇ ಹಿಡಿದು ನಿಲ್ಲಿಸಬೇಕು.

ಆದರೆ ಗೋವಾದ ಪ್ರಯೋಗ ನಡೆದದ್ದು ಅವಲಂಬನೆಯ ಹಂತ ಮುಟ್ಟದವರ ಮೇಲೆ. ಲಂಡನ್ನಿನ ಗಂಡಸರೆಲ್ಲರಿಗೂ ಮನೆಯಿತ್ತು, ಜೊತೆಗೆ ಬಂದು ಕೂರುವ ಹೆಂಡತಿಯಿದ್ದಳು. ಬಿಟ್ಟಾಗ ಫಿಟ್ಸ್ ಬಂದವನು, ಹಿಂದೊಮ್ಮೆ ಭ್ರಮೆಗೆ ಬಿದ್ದವನು, ಲಿವರ್ ಕೆಟ್ಟವನು, ಕುಡಿತದ ಜೊತೆಗೆ ಖಿನ್ನತೆಯೂ ಇದ್ದು ಸಾಯುವ ಮಾತಾಡುವವನು, ಹೆಂಡತಿ ತವರಿಗೆ ಹೋಗಿ ಮನೆಯೇ ಮುರಿದವನು, ಮೂರು ನಾಲ್ಕು ಸಲ ಬಿಟ್ಟು ಮತ್ತೆ ಹಿಡಿದವನು: ಇಂಥವರಿಗೆ ಹೊರರೋಗಿ ಚೀಟಿ ಕೊಟ್ಟು ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ವಸತಿ ಕೇಂದ್ರ ಇರಬೇಕಾದದ್ದು ಇವರಿಗೆ. ಲಂಡನ್ನಿನ ಅಧ್ಯಯನದಿಂದ ನಾನು ಕಲಿಯುವ ಪಾಠವೂ ಬೇರೆಯೇ. ಗೋಡೆಯೊಳಗಿನ ವಾರಗಳು ತಾವಾಗಿಯೇ ಯಾರನ್ನೂ ಬದಲಿಸುವುದಿಲ್ಲ. ಗೋಡೆಯಾಚೆಗಿನ ತಿಂಗಳುಗಳೇ ನಿರ್ಣಾಯಕ. ಮೂರು ವಾರ ಆರೈಕೆ ಮಾಡಿ ಆಮೇಲೆ ಕೈಬಿಡುವುದೆಂದರೆ ನಾಟಿ ಮಾಡಿ ಗದ್ದೆಗೆ ನೀರು ಕಟ್ಟದೆ ಬಿಟ್ಟಂತೆ.

ಗೋಡೆಯಾಚೆ ಏನು ಮಾಡಬೇಕೆಂಬುದಕ್ಕೆ ನಮ್ಮ ಸುತ್ತಲೇ ಮಾದರಿಗಳಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಕರ್ನಾಟಕದ ಉದ್ದಗಲಕ್ಕೂ ಸಾವಿರಕ್ಕಿಂತ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿವೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಉಳಿಸಿಕೊಂಡು, ಊರಿನ ಗಣ್ಯರನ್ನೇ ಸಮಿತಿ ಮಾಡಿ, ಕೊನೆಯ ದಿನ ಮನೆಯವರನ್ನು ಕರೆಸಿ ಕಳಿಸಿಕೊಡುವ ಕ್ರಮ ಅದು. ತೀವ್ರ ಕಾಯಿಲೆಯವರಿಗೆ ಎಂಟು ದಿನ ಸಾಲದು. ಫಿಟ್ಸ್, ಲಿವರ್, ಮನೋರೋಗ ಇರುವವರಿಗೆ ಆಸ್ಪತ್ರೆಯೇ ಬೇಕು. ಆದರೆ ಆ ಶಿಬಿರಗಳ ನಿಜವಾದ ಬಲ ಇರುವುದು ಆನಂತರದ ನವಜೀವನ ಸಮಿತಿಗಳಲ್ಲಿ. ಬಿಟ್ಟವರೇ ಸೇರಿ ಒಬ್ಬರನ್ನೊಬ್ಬರು ಕಾಯ್ದುಕೊಳ್ಳುವ ಗುಂಪುಗಳು ಅವು. ತಮಿಳುನಾಡಿನಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಆಸ್ಪತ್ರೆಯನ್ನಷ್ಟೇ ನಂಬಿ ಕೂರದೆ ಮಂಜಕ್ಕುಡಿಯಂಥ ಹಳ್ಳಿಗಳಿಗೆ ಹೋಗಿ ಹದಿನೈದು ದಿನಗಳ ಶಿಬಿರ ನಡೆಸಿತು. ಜಾಗ, ಊಟ ಊರಿನವರದು. ವೈದ್ಯರು, ಸಮಾಲೋಚಕರು ಸಂಸ್ಥೆಯವರು. ಶಿಬಿರ ಮುಗಿದ ಮೇಲೂ ಅದೇ ಊರಿಗೆ ಮತ್ತೆ ಮತ್ತೆ ಹೋಗುವುದು ಅದರ ಭಾಗವೇ ಆಗಿತ್ತು. ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಲ್ಲರೆಂದು ಅದು ತೋರಿಸಿತು. 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೇಶಕ್ಕೆ ದಾರಿ ತೋರಿದ ರಾಜ್ಯ ತನ್ನದೇ ಇನ್ನೊಂದು ಜಿಲ್ಲೆಯಲ್ಲಿ ಅದನ್ನು ಮುಂದುವರಿಸಲು ಹಿಂಜರಿಯಬೇಕಿಲ್ಲ.

ಹಾಗಾದರೆ ಮಂಡ್ಯದ ಕೇಂದ್ರ ಹೇಗಿರಬೇಕು? ಮೂವತ್ತು ಹಾಸಿಗೆ ಸಾಕು. ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಾವು ಮಿಮ್ಸ್ ಎನ್ನುವ ಆಸ್ಪತ್ರೆಯ ಮನೋವೈದ್ಯ ವಿಭಾಗದ ಅಧೀನದಲ್ಲಿ ಅದು ನಡೆಯಬೇಕು. ಮೊದಲ ವಾರದ ಅಪಾಯದ ದಿನಗಳಿಗೆ ಹಾಸಿಗೆಗಳು ಮಿಮ್ಸ್‌ನಲ್ಲಿ. ಆನಂತರದ ಮೂರು ನಾಲ್ಕು ವಾರಗಳ ವಾಸ್ತವ್ಯ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಭಾರತೀನಗರದ ಆಸುಪಾಸಿನಲ್ಲಿ. ಕೆ.ಎಂ. ದೊಡ್ಡಿ ಎಂದು ಜನ ಕರೆಯುವ ಆ ಊರು ಮೂರೂ ತಾಲ್ಲೂಕಿನವರಿಗೆ ಒಂದೇ ಬಸ್ಸಿನಲ್ಲಿ ಸಿಗುವ ಜಾಗ. ಅಲ್ಲಿ ಹೆಂಡತಿಗೆ, ತಾಯಿಗೆ ವಾರಕ್ಕೊಂದು ದಿನ ಪ್ರತ್ಯೇಕ ಸಮಾಲೋಚನೆ ಕಡ್ಡಾಯವಾಗಿರಬೇಕು; ವರ್ಷಗಟ್ಟಲೆ ಏಟು ತಿಂದವಳಿಗೆ ‘ಇನ್ನು ಮೇಲೆ ನೀವೇ ನೋಡಿಕೊಳ್ಳಿ’ ಎಂದು ಗಂಡನನ್ನು ಒಪ್ಪಿಸಿ ಕಳಿಸುವುದು ಕ್ರೌರ್ಯ. ಹೆಣ್ಣುಮಕ್ಕಳಲ್ಲಿ ಕುಡಿಯುವವರ ಸಂಖ್ಯೆ ಸಮೀಕ್ಷೆಗಳಲ್ಲಿ ತೀರ ಕಡಿಮೆ ಕಾಣುತ್ತದೆ. ಆದರೆ ಅವರು ಅನುಭವಿಸುವ ನಾಚಿಕೆ ಗಂಡಸರದಕ್ಕಿಂತ ಎಷ್ಟೋ ಪಾಲು ದೊಡ್ಡದಾದ್ದರಿಂದ ಬೇರೆ ಬಾಗಿಲಿರುವ ನಾಲ್ಕು ಹಾಸಿಗೆಗಳಾದರೂ ಅವರಿಗೆ ಮೀಸಲಿರಲಿ. ಹದಿಹರೆಯದವರನ್ನು ದೊಡ್ಡವರ ಜೊತೆ ಸೇರಿಸಲೇಬಾರದು. 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚು ಕಂಡ ಒಂದೇ ಒಂದು ವ್ಯಸನವೆಂದರೆ ಸಲ್ಯೂಷನ್, ವೈಟ್ನರ್‌ಗಳಂಥ ಮೂಸುವ ವಸ್ತುಗಳದು. ಗಾಂಜಾ, ನಿದ್ರೆ ಮಾತ್ರೆ, ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರ ತಂದೆ-ತಾಯಿ ಪೊಲೀಸರ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ. ಸಣ್ಣ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಎಂಬ ಕಲಂ ಮಾದಕವಸ್ತು ಕಾಯ್ದೆಯಲ್ಲೇ ಇದೆ. ಚಿಕಿತ್ಸೆ ಸಿಗುವ ಜಾಗವೇ ಹತ್ತಿರದಲ್ಲಿ ಇಲ್ಲದಿದ್ದರೆ ಆ ಕಲಂ ಪುಸ್ತಕದಲ್ಲಷ್ಟೇ ಉಳಿಯುತ್ತದೆ.

ಉಳಿದರ್ಧ ಕೆಲಸ ಊರುಗಳದು. ಬಿಡುಗಡೆಯಾದ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಕೇಂದ್ರದ ಸಮಾಲೋಚಕರು ಮನೆಗೆ ಹೋಗಬೇಕು. ಕರ್ನಾಟಕದಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಪದ್ಧತಿ ಈಗಾಗಲೇ ಇದೆ. ಕೇಂದ್ರದಿಂದ ಹೊರಬಂದವನ ಔಷಧಿ ಮದ್ದೂರಿನಲ್ಲೇ, ಮಳವಳ್ಳಿಯಲ್ಲೇ ಆ ದಿನ ಸಿಗುವಂತಾಗಬೇಕು. ಬಿಟ್ಟವರ ಸಭೆ ಪಂಚಾಯಿತಿ ಕಟ್ಟಡದಲ್ಲೋ ಹಾಲಿನ ಡೇರಿಯ ಅಂಗಳದಲ್ಲೋ ನಡೆಯಲಿ. ಡೇರಿಯಲ್ಲಾದರೆ ದಿನಕ್ಕೆರಡು ಸಲ ಊರೇ ಬಂದುಹೋಗುವುದರಿಂದ ಅಲ್ಲಿಗೆ ಬರಲು ಯಾರೂ ಸಂಕೋಚಪಡಬೇಕಿಲ್ಲ. ಮತ್ತೆ ಕುಡಿದವನಿಗೆ ಸಭೆಯ ಬಾಗಿಲು ಮುಚ್ಚಬಾರದು. ಜಾರಿದ ಮೊದಲ ವಾರದಲ್ಲೇ ಕೈಹಿಡಿದರೆ ಅವನು ಮರಳುವ ಸಾಧ್ಯತೆ ಹೆಚ್ಚು. ಅವಮಾನಿಸಿ ಆರು ತಿಂಗಳು ಬಿಟ್ಟರೆ ಅವನು ನೇರ ತುರ್ತುಚಿಕಿತ್ಸಾ ಘಟಕಕ್ಕೇ ಬರುತ್ತಾನೆ. ಕೇಂದ್ರದ ಯಶಸ್ಸನ್ನು ಎಷ್ಟು ಮಂದಿ ದಾಖಲಾದರು ಎಂಬುದರಿಂದ ಅಳೆಯಬಾರದು. ವರ್ಷದ ನಂತರ ಎಷ್ಟು ಮಂದಿಯ ಸಂಪರ್ಕ ಉಳಿದಿದೆ, ಅವರಲ್ಲಿ ಎಷ್ಟು ಮಂದಿ ದುಡಿಮೆಗೆ ಮರಳಿದ್ದಾರೆ, ಎಷ್ಟು ಮನೆಗಳಲ್ಲಿ ಹೊಡೆತ ನಿಂತಿದೆ ಎಂಬ ಲೆಕ್ಕವನ್ನು ಪ್ರತಿ ವರ್ಷ ಜಿಲ್ಲಾ ಪಂಚಾಯಿತಿಯ ಮುಂದಿಡಬೇಕು.

ಮದ್ಯದಂಗಡಿಗಳನ್ನೇ ಮುಚ್ಚಿಸಿದರೆ ಇದೆಲ್ಲ ಯಾಕೆ ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಅವರ ಮಾತಿನ ಹಿಂದಿನ ನೋವು ದೊಡ್ಡದು. 2019ರ ಜನವರಿಯಲ್ಲಿ ಮದ್ಯನಿಷೇಧ ಕೋರಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಹಳ್ಳಿಯ ಪೆಟ್ಟಿಗೆ ಅಂಗಡಿಗಳಲ್ಲಿ ಕದ್ದು ಮಾರುವ ಮದ್ಯವನ್ನು ನಿಲ್ಲಿಸಲೇಬೇಕು. ಬೆಳಗಿನ ಆರಕ್ಕೇ ನೈಂಟಿ ಸಿಗುವ ಊರಿನಲ್ಲಿ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಅವಲಂಬನೆ ಹೋಗುವುದಿಲ್ಲ. 2007ರ ಜುಲೈ 1ರಿಂದ ಕರ್ನಾಟಕ ಸಾರಾಯಿ ನಿಷೇಧಿಸಿತು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ಬ್ರಾಂದಿಗಳಿಗೆ ತಿರುಗಿದರು. 2016ರಿಂದ ಪೂರ್ಣ ನಿಷೇಧವಿರುವ ಬಿಹಾರದಲ್ಲಿ ಕಳ್ಳಬಟ್ಟಿಯ ಸಾವುಗಳು ನಿಂತಿಲ್ಲ. 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯೊಂದರಲ್ಲೇ ಹತ್ತಾರು ಜೀವ ಹೋದವು. ನಿಷೇಧ ಬಂದರೂ ಬಾರದಿದ್ದರೂ ಈಗಾಗಲೇ ಕಾಯಿಲೆಗೆ ಬಿದ್ದವನಿಗೆ ಹಾಸಿಗೆ ಬೇಕೇ ಬೇಕು. ನಿಷೇಧ ಬಂದ ಮರುದಿನವಂತೂ ಇನ್ನೂ ಹೆಚ್ಚು ಬೇಕು.

ಹಣದ ಮಾತು ಬೇಗ ಮುಗಿಯುತ್ತದೆ. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಸಾವಿರಕ್ಕೆ ಒಂದು ರೂಪಾಯಿ ಎತ್ತಿಟ್ಟರೂ 40 ಕೋಟಿ. 31 ಜಿಲ್ಲೆಗೆ ಹಂಚಿದರೆ ತಲಾ ಒಂದೂಕಾಲು ಕೋಟಿಗೂ ಮಿಗಿಲು, ಅದೂ ಪ್ರತಿ ವರ್ಷ. ನೆರೆಯ ಕೇರಳದ ಅಬಕಾರಿ ಇಲಾಖೆ ‘ವಿಮುಕ್ತಿ’ ಯೋಜನೆಯಡಿ ತನ್ನ 14 ಜಿಲ್ಲೆಗಳಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲೇ ವ್ಯಸನಮುಕ್ತಿ ಕೇಂದ್ರ ತೆರೆದಿದೆ. ನಮ್ಮಲ್ಲೂ ಮದ್ಯಪಾನ ಸಂಯಮ ಮಂಡಳಿ ಇದೆ. ಜಾಥಾ, ಬೀದಿನಾಟಕ, ಭಿತ್ತಿಪತ್ರಗಳಿಂದ ಅದು ತಿಳಿವಳಿಕೆ ಮೂಡಿಸುತ್ತದೆ. ಕುಡಿತ ಕೆಟ್ಟದ್ದೆಂಬ ತಿಳಿವಳಿಕೆ ಕುಡಿಯುವವನಿಗೆ ಬೇಕಾದಷ್ಟಿದೆ, ಇಲ್ಲದಿರುವುದು ಚಿಕಿತ್ಸೆ. ಮದ್ಯದಿಂದ ಬಂದ ಹಣದಲ್ಲಿ ಒಂದು ಪಾಲು ಮದ್ಯದಿಂದ ಕೆಟ್ಟವರ ಆರೈಕೆಗೆ ಹೋಗಬೇಕೆಂಬುದು ಸರ್ಕಾರದ ಔದಾರ್ಯದ ಪ್ರಶ್ನೆಯಲ್ಲ, ಬಾಕಿ ತೀರಿಸುವ ಪ್ರಶ್ನೆ.

‘ಅವನೇ ಮಾಡಿಕೊಂಡದ್ದು, ನಮ್ಮ ತೆರಿಗೆ ಹಣ ಯಾಕೆ’ ಎನ್ನುವವರಿಗೂ ‘ಕೇಂದ್ರ ಆಗಲಿ, ನಮ್ಮೂರ ಹತ್ತಿರ ಬೇಡ’ ಎನ್ನುವವರಿಗೂ ಉತ್ತರ ಬಹುಮಟ್ಟಿಗೆ ಒಂದೇ. ಮೊದಲ ಪೆಗ್ಗು ಅವನ ಆಯ್ಕೆ ಇರಬಹುದು. ಹತ್ತು ವರ್ಷದ ನಂತರ ಬೆಳಗ್ಗೆ ಏಳುತ್ತಲೇ ನಡುಗುವ ಕೈ ಯಾರ ಆಯ್ಕೆಯೂ ಅಲ್ಲ. ಇನ್ನು ಭಯದ ಮಾತು: ಕುಡುಕರು ಊರಿಗೆ ಹೊಸದಾಗಿ ಬರುವುದಿಲ್ಲ, ಅವರು ಈಗಾಗಲೇ ಊರಿನಲ್ಲಿದ್ದಾರೆ. ರಾತ್ರಿ ಬೈಕಿನಲ್ಲಿ, ಬಸ್ ನಿಲ್ದಾಣದ ಕಟ್ಟೆಯಲ್ಲಿ, ನಾಲೆಯ ಏರಿಯ ಮೇಲೆ, ಮನೆಯೊಳಗೆ ಇದ್ದಾರೆ. ಕೇಂದ್ರದಲ್ಲಿರುವ ಮೂವತ್ತು ಮಂದಿ ಆ ದಿನ ಕುಡಿಯದೇ ಇರುವ ಮೂವತ್ತು ಮಂದಿ. ಆದರೂ ಊರಿನವರ ಅಳುಕನ್ನು ಬದಿಗೊತ್ತಿ ಪೊಲೀಸ್ ಕಾವಲಿನಲ್ಲಿ ಗುದ್ದಲಿಪೂಜೆ ಮಾಡಕೂಡದು. ಗ್ರಾಮಸಭೆಯಲ್ಲಿ ವೈದ್ಯರೇ ಬಂದು ವಿವರಿಸಲಿ, ಕೇಂದ್ರದ ಉಸ್ತುವಾರಿ ಸಮಿತಿಯಲ್ಲಿ ಸ್ತ್ರೀಶಕ್ತಿ ಸಂಘದವರೂ ಆ ಊರಿನ ಪಂಚಾಯಿತಿ ಸದಸ್ಯರೂ ಇರಲಿ.

ಮೂರೂ ತಾಲ್ಲೂಕುಗಳ ಗ್ರಾಮಸಭೆಗಳು ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಜಿಲ್ಲಾಧಿಕಾರಿಗೂ ಮೂವರು ಶಾಸಕರಿಗೂ ಕಳಿಸಲಿ ಎಂಬುದು ನನ್ನ ಮನವಿ. ಕಟ್ಟಡ ಏಳಲು ವರ್ಷಗಳು ಹಿಡಿಯಬಹುದು. ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಮನೆಯಲ್ಲಿ ದಿನವೂ ಕುಡಿಯುವವರೊಬ್ಬರಿದ್ದು ಬಿಡಲು ಮನಸ್ಸು ಮಾಡಿದ್ದರೆ ಅವರನ್ನು ಆಣೆಯೊಂದರ ಮೇಲೆ ಒಂಟಿಯಾಗಿ ಬಿಡಿಸಲು ಹೋಗಬೇಡಿ. ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಫಿಟ್ಸ್ ಬಂದರೆ, ಬಡಬಡಿಸತೊಡಗಿದರೆ ಯಾವ ಹೊತ್ತಾದರೂ ಸರಿ ಆಸ್ಪತ್ರೆಗೇ ಹೋಗಿ. ಟೆಲಿ ಮನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ.